ಮೊದಲನೇ ಸೀಸೆಯ ಕೈಗುಣ

"ಬಣ್ಣ ನೋಡಿ ಆರಿಸೋಕೆ ಇದೇನು ಸೀರೆ ಅಂಗಡೀನಾ ಮೇಡಂ?"

ಡಾಕ್ಟರ್ ಮಹಾದೇವಸ್ವಾಮಿ ಹೀಗೆ ಕೇಳಿದಾಗ ಕೋಮಲ ಕಿಟಕಿ ಪಕ್ಕ ನಿಂತು ಎರಡು ಪುಟ್ಟ ಸೀಸೆಗಳನ್ನು ಬಿಸಿಲಿಗೆ ಹಿಡಿದಿದ್ದಳು. ಎಡಗೈಲಿದ್ದದ್ದು ಮೊದಲನೇ ಸೀಸೆ. ಅದರ ತಳದಲ್ಲಿ ಉಳಿದಿದ್ದ ನಾಲ್ಕು ಹನಿ ಕಿತ್ತಳೆಗೆಂಪು. ಬಲಗೈಲಿದ್ದದ್ದು ಎರಡನೆಯದು. ಅದರಲ್ಲಿ ಅರ್ಧ ಔಷಧಿ ಹಾಗೇ ಇತ್ತು, ತಿಳಿ ಹಳದಿ ಬಣ್ಣದ್ದು.

ಕೋಮಲ ಬಿಳಿಗೆರೆ ಕಡೆಯವಳು, ಡ್ರಗ್ಸ್ ಇನ್‌ಸ್ಪೆಕ್ಟರ್. ಕೋಮಲ ಅನ್ನೋ ಹೆಸರನ್ನು ಅವಳ ಬಾಯಿ ಕೇಳಿಸಿಕೊಂಡು ಇಟ್ಟದ್ದಲ್ಲ.

"ಸೀರೆ ಅಂಗಡೀಲಿ ಬಣ್ಣ ಹೋದ್ರೆ ವಾಪಸ್ ತಗೋತಾರೆ ಡಾಕ್ಟ್ರೇ. ಇಲ್ಲಿ ಕಾಲು ಹೋಗ್ತಿದೆ," ಅಂದಳು.

ಹೋಗುತ್ತಿದ್ದದ್ದು ಮಾನಸ ಅನ್ನೋ ಹುಡುಗಿಯ ಬಲಗಾಲು. ತಿ. ನರಸೀಪುರದ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದ ಅವಳ ಹುಣ್ಣು ಯಾವ ಆ್ಯಂಟಿಬಯಾಟಿಕ್ಕಿಗೂ ಬಗ್ಗದೆ, ಮಹಾದೇವಸ್ವಾಮಿಯ ಮೊದಲನೇ ಸೀಸೆಗೆ ಮಾಯುತ್ತಾ ಬಂದು, ಎರಡನೇ ಸೀಸೆಗೆ ಮತ್ತೆ ಕೆರಳಿತ್ತು. ನಾಳೆ ಬೆಳಗ್ಗೆ ಮೊಣಕಾಲಿನಿಂದ ಕೆಳಕ್ಕೆ ತೆಗೆಯುತ್ತೇವೆ ಅಂತ ಸರ್ಜನ್ ಹೇಳಿ ಆಗಿತ್ತು.

"ಕಳ್ಳಿ ನಿಮ್ಮ ಎದುರಿಗೇ ನಿಂತಿದ್ದಾಳೆ," ಅಂದ ಮಹಾದೇವಸ್ವಾಮಿ. "ಅದಕ್ಕೇ ಶುಕ್ರವಾರ ಪೊಲೀಸ್ ಕಂಪ್ಲೇಂಟ್ ಕೊಟ್ಟೆ. ಇನ್ನೇನು ಹುಡುಕ್ತೀರಿ?"

ಬಾಗಿಲ ಹತ್ತಿರ ನಿಂತಿದ್ದವಳು ರೋಜಾ, ಆ ಲ್ಯಾಬಿನ ಸಹಾಯಕಿ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಮೂರು ಕೋಣೆಯ ಆ ಲ್ಯಾಬಿನಲ್ಲಿ ಕೆಲಸಕ್ಕೆ ಇದ್ದವಳು ಅವಳೊಬ್ಬಳೇ. ಅಸಲಿ ಔಷಧಿಯನ್ನು ಬೇರೆ ಕಂಪನಿಗೆ ಮಾರಿ, ಸೀಸೆಗೆ ಏನೋ ಬಣ್ಣದ ನೀರು ತುಂಬಿದಳು ಅನ್ನೋದು ಅವಳ ಮೇಲಿದ್ದ ಆರೋಪ. ಅತ್ತೂ ಅತ್ತೂ ಅವಳ ಕಣ್ಣು ಊದಿತ್ತು.

"ರೋಜಾ, ಇದನ್ನ ಹೆಂಗೆ ಮಾಡ್ತೀರಿ, ನನಗೆ ಒಂದ್ಸಲ ಹೇಳು," ಅಂದಳು ಕೋಮಲ.

"ರೇಷ್ಮೆ ಹುಳದ್ದು ಮೇಡಂ. ಸತ್ತ ಬ್ಯಾಕ್ಟೀರಿಯಾದಲ್ಲಿ ಸೂಜಿ ಅದ್ದಿ, ಸಾಕೋರ ಮನೇಲೇ ಹುಳಕ್ಕೆ ಚುಚ್ತೀವಿ. ರೋಗ ಬಂತು ಅಂದ್ಕೊಂಡು ಹುಳ ತನ್ನ ರಕ್ತದಲ್ಲಿ ಪೆಪ್ಟೈಡ್ ಅಂತ ಒಂದು ಪುಟ್ಟ ಪ್ರೋಟೀನ್ ತಯಾರು ಮಾಡುತ್ತೆ. ಮಾರನೇ ದಿನ ಆ ರಕ್ತ ತೆಗೆದು ಸೋಸ್ತೀವಿ."

"ಆ ಪೆಪ್ಟೈಡ್ ಏನು ಮಾಡುತ್ತೆ?"

"ಬ್ಯಾಕ್ಟೀರಿಯಾದ ಮೈಗೋಡೆಗೆ ತೂತು ಕೊರೆಯುತ್ತೆ."

"ತೂತು ಬಿದ್ದ ತಕ್ಷಣ ಸಾಯುತ್ತಾ?"

ಉತ್ತರ ಮಹಾದೇವಸ್ವಾಮಿಯಿಂದ ಬಂತು. "ಸಾಯಲೇಬೇಕು. ಅದೇ ನನ್ನ ಸಂಶೋಧನೆ. ಬರೀ ಹುಳದ ಔಷಧಿ, ಬೇರೆ ಏನೂ ಬೆರೆಸಿಲ್ಲ. ಆ್ಯಂಟಿಬಯಾಟಿಕ್‌ಗಳ ಕಾಲ ಮುಗೀತು ಮೇಡಂ. ಬರೋ ವಾರ ಬೆಂಗಳೂರಿನಿಂದ ಕಂಪನಿಯವರು ಒಪ್ಪಂದಕ್ಕೆ ಬರ್ತಿದ್ದಾರೆ. ಈ ಹೊತ್ತಲ್ಲಿ ಇವಳು ನನ್ನ ಮಾನ ಕಳೆದಳು."

"ಎರಡು ಸಲಾನೂ ಹುಳ ಕೊಟ್ಟವರು ಯಾರು?"

"ಹೆಡತಲೆ ಚಲುವಯ್ಯ. ಅದೇ ತಳಿ, ಅದೇ ಮನೆ."

"ಹಾಗಿದ್ರೆ ಬಣ್ಣ ಯಾಕೆ ಬೇರೆ?"

"ಅದನ್ನೇ ಹೇಳ್ತಿರೋದು, ಎರಡನೇದು ನಮ್ಮದಲ್ಲ!"

ರೋಜಾ ಮೆಲ್ಲಗೆ ಬಾಯಿ ಬಿಟ್ಟಳು. "ನಮ್ಮದೇ ಮೇಡಂ. ನಾನು ಮೆಷಿನ್‌ಗೆ ಹಾಕಿ ನೋಡಿದೆ. ಎರಡರಲ್ಲೂ ಅದೇ ಪೆಪ್ಟೈಡ್ ಇದೆ, ಹೆಚ್ಚೂಕಮ್ಮಿ ಅಷ್ಟಷ್ಟೇ ಇದೆ. ಸರ್ ನಂಬಲಿಲ್ಲ."

"ಕಳ್ಳಿ ಮಾತು ನಂಬೋಕೆ ನನಗೇನು ತಲೆ ಕೆಟ್ಟಿದೆಯಾ?"

ಕೋಮಲ ಮೇಜಿನ ಮೇಲಿದ್ದ ಗಾಜಿನ ತಟ್ಟೆ ಎತ್ತಿ ನೋಡಿದಳು. ಮಾನಸಳ ಹುಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ರೋಜಾ ಅದರಲ್ಲಿ ಬೆಳೆಸಿ, ಎರಡೂ ಸೀಸೆಯ ಒಂದೊಂದು ಹನಿ ಬಿಟ್ಟಿದ್ದಳು. ಮೊದಲನೇ ಸೀಸೆಯ ಹನಿ ಬಿದ್ದ ಕಡೆ ಎಂಟಾಣೆ ಅಗಲಕ್ಕೆ ಎಲ್ಲಾ ಸತ್ತು ಬಯಲಾಗಿತ್ತು. ಎರಡನೇ ಹನಿ ಬಿದ್ದ ಕಡೆ ಸ್ವಲ್ಪ ಮಂಕಾಗಿತ್ತು, ಅಷ್ಟೇ.

ಯಾವುದಾದರೂ ವಿಷಯ ತಲೆಗೆ ಹತ್ತದಿದ್ದರೆ ಕೋಮಲಳಿಗೆ ಊಟ ಸೇರುತ್ತಿರಲಿಲ್ಲ. ಅವತ್ತು ಬೆಳಗಿನ ಇಡ್ಲಿ ಅರ್ಧ ಬಿಟ್ಟು ಬಂದಿದ್ದಳು. ಎಲ್ಲರೂ ಎರಡನೇ ಸೀಸೆಯಿಂದ ಏನು ಕದ್ದರು ಅಂತ ಹುಡುಕುತ್ತಿದ್ದಾರೆ. ಎರಡನೆಯದರಲ್ಲಿ ಇರಬೇಕಾದ್ದೆಲ್ಲ ಇದೆ ಅಂತ ಈ ಹುಡುಗಿ ಹೇಳುತ್ತಿದ್ದಾಳೆ. ಅದು ನಿಜವಾದರೆ ಹುಡುಕಬೇಕಾದ್ದು ಮೊದಲನೇ ಸೀಸೆಯಲ್ಲಿ. ಅದರಲ್ಲಿ ಇರಬಾರದ್ದು ಏನೋ ಇತ್ತು.

"ಎರಡೂ ಸೀಸೆ ನನ್ನ ಹತ್ರ ಇರಲಿ," ಅಂದಳು.

"ಮೊದಲನೇದು ತಗೊಂಡು ಹೋಗಿ. ಆ ಕೆಟ್ಟ ಔಷಧಿ ಯಾಕೆ? ಸಿಂಕಿಗೆ ಚೆಲ್ಲಿ," ಅಂದ ಮಹಾದೇವಸ್ವಾಮಿ. ಆಗಲೇ ಕೈ ಚಾಚಿದ್ದ.

"ಕೆಟ್ಟದ್ದರ ಮೇಲೆ ನನಗೆ ಸ್ವಲ್ಪ ಮಮತೆ ಜಾಸ್ತಿ."

ರೋಜಾ ಒಂದು ಥರ್ಮಾಸಿಗೆ ಐಸ್ ತುಂಬಿ ಕೊಟ್ಟಳು. ಕೋಮಲ ಸೀಸೆಗಳನ್ನು ಅದರೊಳಗಿಟ್ಟು, ಕೈನೆಟಿಕ್ ಹೋಂಡಾದ ಸೀಟಿನಡಿ ಭದ್ರ ಮಾಡಿ ನರಸೀಪುರದ ರಸ್ತೆ ಹಿಡಿದಳು.

*

ನರ್ಸಿಂಗ್ ಹೋಮಿನಲ್ಲಿ ಮಾನಸ ದಿಂಬಿಗೆ ಒರಗಿ ಕೂತಿದ್ದಳು. ಜ್ವರಕ್ಕೆ ತುಟಿ ಒಡೆದಿದ್ದರೂ ಮಾತಿಗೆ ಬರ ಇರಲಿಲ್ಲ.

"ಬನ್ನಿ ಮೇಡಂ. ಕಳ್ಳ ಸಿಕ್ಕಿದ್ನಾ?"

"ಕಳ್ಳ ಇದಾನೋ ಇಲ್ವೋ ಅನ್ನೋದೇ ಅನುಮಾನ ಕಣಮ್ಮ."

"ನಾಳೆ ಒಳಗೆ ಸಿಕ್ಲಿ. ಆಮೇಲೆ ಸಿಕ್ಕಿದ್ರೆ ಅವನನ್ನ ಒದೆಯೋಕೆ ನನಗೆ ಒಂದೇ ಕಾಲು ಇರುತ್ತೆ."

ಹೀಗಂದು ನಕ್ಕಳು. ನಗು ಅರ್ಧಕ್ಕೇ ನಿಂತು, ಮುಖ ಗೋಡೆ ಕಡೆ ತಿರುಗಿಸಿದಳು. ನೂಲು ಬಿಚ್ಚಾಣಿಕೆ ಘಟಕದಲ್ಲಿ ಗೂಡು ಬೇಯಿಸುವ ಕುದಿನೀರು ಕಾಲ ಮೇಲೆ ಬಿದ್ದು ಆಗಿದ್ದ ಹುಣ್ಣು ಅದು. ದಿನವಿಡೀ ನಿಂತು ಮಾಡುವ ಕೆಲಸ ಅವಳದು. ಹತ್ತೊಂಬತ್ತು ವರ್ಷದ ಹುಡುಗಿ ಇನ್ನು ಹೇಗೆ ನಿಂತಾಳು?

ತಾಯಿ ಚಾಮುಂಡಮ್ಮ ಕಿಟಕಿ ಸರಳಿಗೆ ಒಂದು ಹಳೇ ಸೀರೆ ತುಂಡನ್ನು ಒಣಹಾಕುತ್ತಿದ್ದಳು. ಬಿಳಿ ಸೀರೆ. ನಡುವೆ ಅಂಗೈ ಅಗಲದ ಕಿತ್ತಳೆ ಕಲೆ.

"ಇದೇನಮ್ಮ ಕಲೆ?"

"ಕಾಲ್ ಕೆಳಿಕ್ಕೆ ಆಸಿದ್ದೆ ಕಣವ್ವ. ಮೊದ್ಲು ಔಸ್ದಿ ಹಚ್ತಿದ್ರಲ್ಲ, ಅವಾಗ ಇಳಿದದ್ದು. ನಾನು ಅರಿಸಿನ ಗಿರಿಸಿನ ಬೆರೆಸವ್ರೆ ಅಂದ್ಕಂಡಿದ್ದೆ. ಎಷ್ಟ್ ಒಗುದ್ರೂ ಓಗ್ನಿಲ್ಲ."

"ಆಮೇಲಿನ ಔಷಧಿಗೆ ಕಲೆ ಆಯ್ತಾ?"

"ಇಲ್ಲ ಕಣವ್ವ. ಅದು ನೀರ್ನೀರು."

ಕೋಮಲ ಬಟ್ಟೆಯನ್ನು ಬೆರಳಿನಿಂದ ಉಜ್ಜಿದಳು, ಮೂಸಿದಳು. ಅರಿಶಿನವಾಗಿದ್ದರೆ ಸೋಪಿಗೆ ಕೆಂಪಗಾಗಿ ಬಿಸಿಲಿಗೆ ಹೋಗಬೇಕಿತ್ತು. ಇದು ಕಿತ್ತಳೆಯಾಗೇ ಕೂತಿತ್ತು. ಈ ಬಣ್ಣವನ್ನು ಅವಳು ಎಲ್ಲೋ ನೋಡಿದ್ದಳು.

ಎಲ್ಲಿ ಅಂತ ಥಟ್ಟನೆ ಹೊಳೆದಾಗ ಆಸ್ಪತ್ರೆ ಅನ್ನೋದನ್ನೂ ಮರೆತು ನಕ್ಕುಬಿಟ್ಟಳು. ನೋಡಿದ್ದು ಬಿಳಿಗೆರೆಯಲ್ಲಿ, ತನ್ನ ಮನೆ ಹಿತ್ತಲಲ್ಲಿ. ಅಪ್ಪ ಪುಟ್ಟಬಸವಯ್ಯನಿಗೆ ಟಿ.ಬಿ. ಆಗಿ ಸರ್ಕಾರಿ ಮಾತ್ರೆ ಶುರುವಾದ ಮಾರನೇ ಬೆಳಗ್ಗೆ ಅವನು ಹಿತ್ತಲಿನಿಂದ ಒಳಗೆ ಬಂದು, ತನ್ನ ಒಡಲ ರಕ್ತವೆಲ್ಲ ಉಚ್ಚೆಯಲ್ಲಿ ಹೋಯಿತು ಅಂತ ಚಾಪೆ ಮೇಲೆ ಮಲಗಿ, ಎಮ್ಮೆಯನ್ನು ಯಾರು ನೋಡಿಕೊಳ್ಳಬೇಕು ಅನ್ನೋದನ್ನೂ ಹೇಳಿಬಿಟ್ಟಿದ್ದ. ಆರೋಗ್ಯ ಕೇಂದ್ರದ ಸಿಸ್ಟರ್ ಬಂದು, ಅದು ಕೆಂಪು ಕ್ಯಾಪ್ಸೂಲಿನ ಬಣ್ಣ ಕಣಯ್ಯ, ಎದ್ದು ಗಂಜಿ ಕುಡಿ ಅಂತ ಗದರಿದ ಮೇಲೇ ಎದ್ದದ್ದು.

ರಿಫಾಂಪಿಸಿನ್. ಉಚ್ಚೆ, ಬೆವರು, ಕಣ್ಣೀರು, ಯಾವುದನ್ನೂ ಬಿಡದೆ ಕಿತ್ತಳೆ ಮಾಡುವ ಮಾತ್ರೆ. ಮನುಷ್ಯನ ಬೆವರಿಗೆ ಬಣ್ಣ ಹಾಕುವ ಮಾತ್ರೆ ಹುಳದ ರಕ್ತಕ್ಕೆ ಹಾಕದೇ ಇರುತ್ತಾ?

ಒಂದೇ ಒಂದು ತೊಡಕಿತ್ತು. ಮಾನಸಳ ಹುಣ್ಣಿನ ಬ್ಯಾಕ್ಟೀರಿಯಾಕ್ಕೆ ಆ ಮಾತ್ರೆ ನಾಟುವುದಿಲ್ಲ. ಯಾವ ಡಾಕ್ಟರೂ ಅದನ್ನು ಇದಕ್ಕೆ ಬರೆಯುವುದಿಲ್ಲ, ಯಾಕೆಂದರೆ ಅದು ಆ ಬ್ಯಾಕ್ಟೀರಿಯಾದ ಹೊರಗೋಡೆ ದಾಟಿ ಒಳಗೆ ಹೋಗುವುದೇ ಕಷ್ಟ. ಫಾರ್ಮಸಿ ಓದಿದವಳಿಗೆ ಇಷ್ಟು ಗೊತ್ತಿತ್ತು.

ಆದರೆ ಯಾರೋ ಮೊದಲೇ ಗೋಡೆಗೆ ತೂತು ಕೊರೆದಿಟ್ಟಿದ್ದರೆ?

"ಏನಾಯ್ತು ಮೇಡಂ?" ಅಂದಳು ಮಾನಸ.

"ಗೊತ್ತಿಲ್ಲ ಕಣೇ. ಗೊತ್ತಾದ್ರೆ ಮೊದಲು ನಿನಗೇ ಹೇಳ್ತೀನಿ. ಸಾಯಂಕಾಲದೊಳಗೆ ಬರ್ತೀನಿ, ಗೊತ್ತಾಯ್ತಾ?"

*

ಹೆಡತಲೆಯಲ್ಲಿ ಚಲುವಯ್ಯನ ಹುಳದ ಮನೆ ಊರಾಚೆ, ಹಿಪ್ಪುನೇರಳೆ ತೋಟದ ಮಗ್ಗುಲಿಗೇ ಇತ್ತು. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಬೆರೆಸಿ ಹರಡಿತ್ತು. ಅದನ್ನು ತುಳಿಯದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ತುಳಿದರೂ ಹೊರಗಿನವರನ್ನು ಬಿಡುವುದಿಲ್ಲ.

"ಅಲ್ಲೇ ನಿಂತ್ಕಳಿ ಮೇಡಮ್ನೋರೆ," ಅಂದ ಚಲುವಯ್ಯ ಸೊಪ್ಪಿನ ಮಂಕರಿ ಹೊತ್ತು. "ಉಳ ಪೊರೆ ಬುಟ್ಟು ನಾಕ್ನೇ ಜ್ವರ ಎದ್ದದೆ. ಈಗ ಕಣ್ಣು ಬಿದ್ರೆ ಉಳಿಯಾಕಿಲ್ಲ."

"ಇಲ್ಲೇ ಇರ್ತೀನಿ. ಡಾಕ್ಟ್ರ ಹುಳದ ವಿಚಾರ ಮಾತಾಡೋದಿತ್ತು."

"ಅವ್ರು ಏಳ್ದಂಗೆ ಮಾಡಿವ್ನಿ. ಸೊಪ್ಪಿಗೆ ಒಂದ್ ತೊಟ್ಟೂ ಔಸ್ದಿ ಆಕ್ಬ್ಯಾಡ ಅಂದ್ರು. ಆಕಿಲ್ಲ."

ಔಷಧಿಯ ಮಾತನ್ನು ಕೋಮಲ ಇನ್ನೂ ಎತ್ತೇ ಇರಲಿಲ್ಲ. ಅದನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಳು.

ಹೊರಗೋಡೆಯ ಮೊಳೆಗೆ ಒಂದು ಬಿದಿರು ತಟ್ಟೆ ತಗುಲಿ ಹಾಕಿತ್ತು. ಒಳಗಿನ ತಟ್ಟೆಗಳ ಜೊತೆ ಸೇರಿಸದೆ ಇದೊಂದನ್ನೇ ಬೇರೆ ಇಟ್ಟಿದ್ದ. ಹೊಸದಾಗಿ ಸಗಣಿ ಸಾರಿಸಿದ್ದರೂ ಹೆಣಿಗೆಯ ಸಂದಿಯಲ್ಲಿ ಕಿತ್ತಳೆ ಚುಕ್ಕೆ ಇಣುಕುತ್ತಿತ್ತು.

"ಇದೇನು ಚಲುವಯ್ಯನೋರೆ, ಕೆಂಪಗೆ?"

"ಅದಾ? ಎಲೆ ಅಡ್ಕೆ ಉಗುಳು ಬಿದ್ದದೆ."

"ಹುಳದ ತಟ್ಟೆಗೆ?"

ಚಲುವಯ್ಯ ಮಂಕರಿ ಇಳಿಸಿದ.

"ಹೊಗೆಸೊಪ್ಪಿನ ಕೈ ತಾಗಿದ್ರೂ ಹುಳ ಸಾಯುತ್ತೆ ಅಂತ ಬೀಡಿ ಸೇದೋ ಅಳಿಯನನ್ನೂ ಹೊಸಲಿಂದ ಆಚೆ ನಿಲ್ಲಿಸೋ ಜನ ನೀವು. ತಟ್ಟೆಗೆ ಎಲೆಅಡಿಕೆ ಉಗುಳೋ ರೇಷ್ಮೆಯವರನ್ನ ನಾನು ಕಾಣೆ," ಅಂದಳು ಕೋಮಲ. ಆಮೇಲೆ ದನಿ ಇಳಿಸಿ, "ಕೆಮ್ಮು ಹೆಂಗಿದೆ ಈಗ?" ಅಂತ ಕೇಳಿದಳು.

"ಯಾವ್ ಕೆಮ್ಮು?"

"ಕೆಂಪು ಕ್ಯಾಪ್ಸೂಲ್ ಕೊಟ್ಟಿದ್ರಲ್ಲ, ಆ ಕೆಮ್ಮು. ಯಾವಾಗ ಬಿಟ್ರಿ ಮಾತ್ರೆ?"

ಚಲುವಯ್ಯ ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡ. ಅವನಿಗೆ ಸುಳ್ಳು ಅಭ್ಯಾಸ ಇರಲಿಲ್ಲ. ಹೇಳಿದ ಒಂದು ಸುಳ್ಳೂ ಕೈಕೊಟ್ಟ ಮೇಲೆ ಇನ್ನೊಂದು ಹುಟ್ಟಲಿಲ್ಲ.

"ಯಾರ್ಗೂ ಏಳ್ಬ್ಯಾಡಿ ಕಣವ್ವ. ಸಿಸ್ಟ್ರಮ್ಮ ಸುಮ್ಕೆ ಬುಡಾಕಿಲ್ಲ."

"ಹೇಳಲ್ಲ. ಹೇಳಿ ನೀವು."

"ಎರಡ್ ತಿಂಗ್ಳು ನುಂಗ್ದೆ. ಕೆಮ್ಮು ನಿಂತೋಯ್ತು, ಮೈ ಕೈ ತುಂಬ್ಕತು. ವಾಸಿ ಆದ್ಮೇಲೆ ಯಾಕೆ ಅಂತ ಬುಟ್ಟೆ. ಅವ್ರು ವಾರವಾರಕ್ಕೆ ಮನೇಗ್ ಕೊಡೋರು, ನಾನು ಮಡಕೆಲಿ ಆಕಿ ಮಡಗೋನು. ಅಷ್ಟೊತ್ಗೆ ಡಾಕ್ಟ್ರು ಬಂದು ಒಂದ್ ತಟ್ಟೆ ಉಳುಕ್ಕೆ ಸೂಜಿ ಚುಚ್ಚೋಕ್ ಶುರು ಮಾಡುದ್ರು. ನೀವೇ ಏಳಿ, ರೋಗ ಚುಚ್ಚಿದ್ ಉಳವ ಮನೇಲ್ ಮಡಿಕಂಡ್ರೆ ಉಳಿದದ್ದರ ಗತಿ ಏನು? ಒಂದ್ ತಟ್ಟೆಗೆ ಸಪ್ಪೆ ರೋಗ ಬಂದ್ರೆ ಇಡೀ ಮನೆ ಉಳ ತಿಪ್ಪೆಗೋಯ್ತದೆ."

"ಅದಕ್ಕೆ?"

"ಮನುಸನ ರೋಗನೇ ವಾಸಿ ಮಾಡೋ ಮಾತ್ರೆ, ಉಳಿಂದು ಮಾಡಾಕಿಲ್ವಾ ಅನ್ನುಸ್ತು. ಕ್ಯಾಪ್ಸೂಲು ಬಿಚ್ಚಿ ನೀರ್ಗೆ ಕಲಸಿ, ಆ ತಟ್ಟೆ ಸೊಪ್ಪಿಗೆ ಚಿಮುಕುಸ್ದೆ. ಒಂದ್ ಉಳನೂ ಸಾಯ್ನಿಲ್ಲ ಕಣವ್ವ."

ಇದನ್ನು ಹೇಳುವಾಗ ಅವನ ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು.

"ಎರಡನೇ ಸಲ?"

"ಎರಡ್ನೇ ಕಿತಾ ಮನೇಲಿ ಜಾಗ ಇರ್ನಿಲ್ಲ. ಚುಚ್ಚಿದ್ ತಟ್ಟೆಯ ದೂರ ದನಿನ ಕೊಟ್ಟಿಗೇಲಿ ಮಡಗ್ದೆ. ಅಷ್ಟ್ ದೂರ ಇದ್ಮೇಲೆ ಔಸ್ದಿ ಯಾಕೆ ಅಂತ ಸುಮ್ಕಾದೆ."

ಕೋಮಲ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ಮೈಯೆಲ್ಲ ಹಗುರಾದಂತಾಯಿತು. ಯಾರೂ ಏನನ್ನೂ ಕದ್ದಿರಲಿಲ್ಲ. ಹುಳದ ಪೆಪ್ಟೈಡ್ ಒಂದೇ ಇದ್ದಾಗ ಬ್ಯಾಕ್ಟೀರಿಯಾದ ಗೋಡೆಗೆ ತೂತು ಬೀಳುತ್ತದೆ, ಅದು ತೇಪೆ ಹಾಕಿಕೊಂಡು ಬದುಕುತ್ತದೆ. ಮಾತ್ರೆ ಒಂದೇ ಇದ್ದಾಗ ಗೋಡೆ ದಾಟಲಾರದು. ಎರಡೂ ಸೇರಿದಾಗ ಒಂದು ಬಾಗಿಲು ಒಡೆದಿದೆ, ಇನ್ನೊಂದು ಒಳಗೆ ನುಗ್ಗಿದೆ. ಈ ಜೋಡಿಯನ್ನು ಕೂಡಿಸಿದ್ದು ಯಾವ ವಿಜ್ಞಾನವೂ ಅಲ್ಲ, ಮಾತ್ರೆ ನುಂಗಲು ಸೋಮಾರಿತನ, ಹುಳ ಸತ್ತೀತು ಅನ್ನೋ ಭಯ.

ಅರ್ಧ ಸೀಸೆ ಔಷಧಿ ಸ್ಕೂಟರಿನಲ್ಲಿ ಐಸಿನ ಮೇಲೆ ಕೂತಿದೆ. ಕೆಂಪು ಕ್ಯಾಪ್ಸೂಲ್ ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ರೋಜಾ ಗಾಜಿನ ತಟ್ಟೆಯಲ್ಲಿ ಎರಡನ್ನೂ ಬೆರೆಸಿ ನೋಡಲು ಒಂದು ದಿನ ಸಾಕು. ಸರ್ಜನ್ ಒಂದೇ ಒಂದು ದಿನ ತಡೆದರೆ ಆ ಹುಡುಗಿ ಎರಡು ಕಾಲಲ್ಲಿ ಮನೆಗೆ ಹೋಗಬಹುದು.

"ನಾಳೆಯಿಂದ ಮಾತ್ರೆ ಮತ್ತೆ ಶುರು ಮಾಡಿ," ಅಂದಳು ಎದ್ದು. "ಅರ್ಧಕ್ಕೆ ಬಿಟ್ರೆ ರೋಗ ಇನ್ನೂ ಗಟ್ಟಿಯಾಗಿ ವಾಪಸ್ ಬರುತ್ತೆ. ಆಮೇಲೆ ಆ ಮಾತ್ರೆಗೂ ಜಗ್ಗಲ್ಲ. ನಾನೇ ಸಿಸ್ಟರ್ ಹತ್ರ ಮಾತಾಡ್ತೀನಿ, ಬೈಯೋದಿಲ್ಲ."

"ಆಗ್ಲಿ ಕಣವ್ವ."

"ಅಲ್ಲ, ಇದನ್ನ ಮೊದಲೇ ಹೇಳಿದ್ರೆ ಆ ಹುಡುಗಿ ಇಷ್ಟು ನರಳ್ತಿದ್ಲಾ? ರೋಜಾ ಕಳ್ಳಿ ಅನ್ನಿಸ್ಕೋತಿದ್ಲಾ?"

ಚಲುವಯ್ಯ ಅವಳ ಮುಖವನ್ನೇ ನೋಡಿದ. "ಏಳಿದ್ನಲ್ಲವ್ವ."

"ಯಾರಿಗೆ?"

"ಡಾಕ್ಟ್ರುಗೆ. ಗುರ್ವಾರ ಬಂದಿದ್ರಲ್ಲ. ನೀವ್ ನೋಡ್ದಂಗೇ ಆ ತಟ್ಟೆ ನೋಡುದ್ರು, ನೀವ್ ಕೇಳ್ದಂಗೇ ಕೇಳುದ್ರು. ಎಲ್ಲಾ ಏಳ್ದೆ."

ಕೋಮಲ ಸ್ಕೂಟರಿನ ಕೀ ಹಿಡಿದವಳು ಹಾಗೇ ನಿಂತಳು. ಗುರುವಾರ. ರೋಜಾ ಕದ್ದಳು ಅಂತ ಮಹಾದೇವಸ್ವಾಮಿ ಸ್ಟೇಷನ್ನಿಗೆ ಹೋದದ್ದು ಶುಕ್ರವಾರ.

"ಗುರುವಾರ ಅನ್ನೋದು ಗ್ಯಾರಂಟೀನಾ?"

"ನಮ್ಮೂರ್ ಸಂತೆ ದಿನ ಕಣವ್ವ, ಮರಿಯದೆಂಗೆ? ಟೀಬಿ ಔಸ್ದಿಯ ಉಳುಕ್ಕೆ ಆಕಿರೋದು ಗೊತ್ತಾದ್ರೆ ನಿನ್ನ ಜೈಲಿಗ್ ಆಕ್ತಾರೆ, ಪೋಲೀಸ್ನೋರು ಬಂದ್ರೆ ಬಾಯಿ ಬುಡ್ಬ್ಯಾಡ ಅಂದ್ರು. ಮಡಕೆಲಿದ್ದ ಮಾತ್ರೆಯ ಒಂದೂ ಬುಡ್ದಂಗೆ ಜೇಬಿಗ್ ಆಕ್ಕಂಡೋದ್ರು."

ಬರೀ ಹುಳದ ಔಷಧಿ, ಬೇರೆ ಏನೂ ಬೆರೆಸಿಲ್ಲ ಅಂತ ಇವತ್ತು ಬೆಳಗ್ಗೆ ತಾನೇ ಆ ಮನುಷ್ಯ ಎದೆ ತಟ್ಟಿ ಹೇಳಿದ್ದ. ಹುಡುಗಿಯ ಕಾಲು ಉಳಿಸುವ ಉಪಾಯ ಜೇಬಿನಲ್ಲಿಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ದಾನೆ. ಒಪ್ಪಂದದ ಆಸೆಗಾ, ಪ್ರತಿಷ್ಠೆಗಾ, ಅಥವಾ ಇದರ ಹಿಂದೆ ಬೇರೆ ಏನಾದರೂ ಇದೆಯಾ?

ಕೈಲಿದ್ದ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಒಂದೂ ಇರಲಿಲ್ಲ. ಊರೊಳಗಿನ ಟೀ ಅಂಗಡಿಗೆ ಸ್ಕೂಟರ್ ಓಡಿಸಿ, ಕಾಯಿನ್ ಫೋನಿಗೆ ರೂಪಾಯಿ ಹಾಕಿ ನರ್ಸಿಂಗ್ ಹೋಮಿನ ನಂಬರ್ ಒತ್ತಿದಳು. ಸರ್ಜನ್ ಸಿಗುವುದಿಲ್ಲ ಅಂದರು. ಹಾಗಿದ್ದರೆ ಮಾನಸಳ ತಾಯಿಯನ್ನು ಕರೆಯಿರಿ ಅಂದಳು. ಇನ್ನೊಂದು ರೂಪಾಯಿ ಹಾಕುವಷ್ಟು ಹೊತ್ತಾದ ಮೇಲೆ ಚಾಮುಂಡಮ್ಮನ ಏದುಸಿರು ಕೇಳಿತು.

"ಚಾಮುಂಡಮ್ಮ, ನಾನು ಕೋಮಲ. ಸರಿಯಾಗಿ ಕೇಳಿಸ್ಕೊಳ್ಳಿ. ನಾಳೆ ಆಪರೇಷನ್‌ಗೆ ಒಪ್ಪಬೇಡಿ. ಕಾಲು ಉಳಿಸೋ ದಾರಿ ಇದೆ."

ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಕೇಳಿಸ್ತಾ?"

"ನಾಳೆ ಅಲ್ವಂತೆ ಕಣವ್ವ," ಅಂದಳು ಚಾಮುಂಡಮ್ಮ. "ನೀವ್ ಆ ಕಡೆ ಓದ ಸ್ವಲ್ಪ ಒತ್ಗೇ ಆ ಉಳಿನ ಡಾಕ್ಟ್ರು ಬಂದ್ರು. ನನ್ ಔಸ್ದಿ ಇನ್ನಿಲ್ಲ, ಕಾಯದ್ರಲ್ಲಿ ಅರ್ತ ಇಲ್ಲ, ಇಸ ಮೇಲಕ್ಕೇರ್ತದೆ, ಇವತ್ತೇ ತೆಗ್ದುಬುಡಿ ಅಂತ ದೊಡ್ ಡಾಕ್ಟ್ರುಗೆ ಏಳುದ್ರು. ನಾನು ಎಬ್ಬೆಟ್ಟು ಒತ್ಬುಟ್ಟೆ ಕಣವ್ವ. ಈಗ್ ತಾನೇ ನನ್ ಮಗಳ ಒಳಿಕ್ಕೆ ಕರ್ಕಂಡೋಗಿ ಬಾಗ್ಲಾಕಂಡ್ರು."